ಅಂಚಿನ ಹುಚ್ಚು

ಪಟ ಹಾರಿಸುವ ಹಬ್ಬ ಉತ್ತರಾಯಣ ಮುಗಿದು ಎರಡು ದಿನವಾಗುವಷ್ಟರಲ್ಲಿ ಅಹಮದಾಬಾದಿನ ಗಾಳಿಪಟಗಳೆಲ್ಲ ಆಕಾಶದಿಂದ ಫೋನುಗಳಿಗೆ ಇಳಿದಿರುತ್ತವೆ. ಹಳೇ ಊರಿನ ಪೋಳ್ ಎಂಬ ಓಣಿಗಳ ತಾರಸಿ, ತಾರಸಿಯ ತುಂಬ ಜನ, ಮೇಲೆ ಜನವರಿಯ ನೀಲಿ. ಎಲ್ಲ ಚೆನ್ನ. ಆದರೆ ಒಂದೊಂದು ಪಟದ ಸುತ್ತಲೂ ದೇವರ ಫೋಟೋದ ಪ್ರಭಾವಳಿಯಂತೆ ಒಂದು ಬಿಳಿ ಗೆರೆ! ಮಾಂಜಾ ದಾರವಂತೂ ಒಂದಿದ್ದದ್ದು ಮೂರಾಗಿದೆ: ನಡುವೆ ಕಪ್ಪು, ಆಚೀಚೆ ಬಿಳಿ. ಪಕ್ಕದ ತಾರಸಿಯವರ ಕೈಯಲ್ಲಿ ಆಗದ್ದನ್ನು ಶಾರ್ಪನಿಂಗ್ ಸ್ಲೈಡರ್ ಮಾಡಿಬಿಟ್ಟಿದೆ, ಪಟವನ್ನು ಆಕಾಶದಿಂದಲೇ ಕತ್ತರಿಸಿದೆ.

ಶಾರ್ಪನಿಂಗ್ ಇಲ್ಲದ ವಿವರವನ್ನು ತರುವುದಿಲ್ಲ, ಇರುವ ಅಂಚಿನ ದನಿ ಏರಿಸುತ್ತದೆ. ಒಂದು ಸಾಲಿನ ಆರು ಪಿಕ್ಸೆಲ್‌ಗಳ ಹೊಳಪು ತೆಗೆದುಕೊಳ್ಳಿ: 100, 100, 100, 200, 200, 200. ಪ್ರತಿಯೊಂದಕ್ಕೂ ಅದೂ ಅದರ ಅಕ್ಕಪಕ್ಕದವೂ ಸೇರಿದ ಸರಾಸರಿ ಹಾಕಿ ಮಸುಕಾಗಿಸಿದರೆ 100, 100, 133, 167, 200, 200. ಮೂಲದಲ್ಲಿ ಈ ಮಸುಕನ್ನು ಕಳೆದು, ಉಳಿದದ್ದನ್ನು ಮತ್ತೆ ಮೂಲಕ್ಕೇ ಕೂಡಿದರೆ 100, 100, 67, 233, 200, 200. ಅಂಚಿನ ಕತ್ತಲ ಬದಿ ಇನ್ನಷ್ಟು ಕತ್ತಲಾಯಿತು, ಬೆಳಕಿನ ಬದಿ ಇನ್ನಷ್ಟು ಬೆಳಗಿತು. ಫೋಟೋಶಾಪಿನ ಅನ್‌ಶಾರ್ಪ್ ಮಾಸ್ಕ್ ಮಾಡುವುದು ಇಷ್ಟೇ. ಡಾರ್ಕ್‌ರೂಮಿನ ಹಳಬರು ನೆಗೆಟಿವ್‌ಗೆ ಅದರದೇ ಮಸುಕು ಪಾಸಿಟಿವ್ ಜೋಡಿಸಿ ಇದನ್ನೇ ಮಾಡುತ್ತಿದ್ದರು.

ಹೀಗಿರುವಾಗ ಹೈಪಾಸ್ ಪಕ್ಷದವರ ಗತ್ತು ನೋಡಬೇಕು. ‘ಅನ್‌ಶಾರ್ಪ್ ಮಾಸ್ಕ್ ನಾವು ಮುಟ್ಟುವುದಿಲ್ಲ, ಹೈಪಾಸ್ ಹಾಕಿ ಓವರ್‌ಲೇ ಕೊಡುತ್ತೇವೆ’ ಎನ್ನುತ್ತಾರೆ, ಮಡಿ ಉಟ್ಟವರ ದನಿಯಲ್ಲಿ. ಸ್ವಾಮಿ, ಹೈಪಾಸ್ ಎಂದರೂ ಮೂಲದಿಂದ ಮಸುಕನ್ನು ಕಳೆದು, ಮೇಲೊಂದಿಷ್ಟು ಬೂದು ಬಣ್ಣ ಸೇರಿಸಿದ್ದೇ ಅಲ್ಲವೇ? ಅದೇ ಲೆಕ್ಕ, ಬೇರೆ ಮೆನು. ಲ್ಯಾಬ್ ಪಕ್ಷದವರು ಎಷ್ಟೋ ವಾಸಿ. ಬಣ್ಣ ಬಿಟ್ಟು ಹೊಳಪಿನ ಚಾನೆಲ್ ಒಂದನ್ನೇ ಚುರುಕು ಮಾಡುತ್ತಾರೆ, ಅಂಚಿನಲ್ಲಿ ಬಣ್ಣ ಕೆಡುವುದಿಲ್ಲ.

ನಿಜವಾದ ಕೈಚಳಕ ಬೇರೆಯೇ ಇದೆ. ಅದನ್ನು ಪರೀಕ್ಷಿಸಲು ಅಹಮದಾಬಾದಿನ ಸಿದಿ ಸಯ್ಯದ್ ಮಸೀದಿಯ ಕಿಟಕಿ ಜಾಲಿಗಿಂತ ಒಳ್ಳೆಯ ಜಾಗವಿಲ್ಲ. 1573ರ ಸುಮಾರಿಗೆ ಕಲ್ಲಿನಲ್ಲಿ ಕೊರೆದ ಆ ಮರದ ಕೊಂಬೆಗಳು ಒಂದರೊಳಗೊಂದು ಹೆಣೆದುಕೊಂಡು ಕಮಾನು ತುಂಬಿವೆ. ಒಳಗೆ ನಿಂತು ತೆಗೆದರೆ ಕಲ್ಲು ಕಪ್ಪು, ಸಂದುಗಳಲ್ಲಿ ಆಕಾಶ. ಮಸುಕಿನ ಹರವನ್ನು, ಅಂದರೆ ರೇಡಿಯಸ್ಸನ್ನು, 3ಕ್ಕೆ ಏರಿಸಿದಿರೋ, ಕೊಂಬೆಕೊಂಬೆಗೂ ಬಿಳಿ ಅಂಚು ಹೊಲಿದಾಯಿತು. ಅದರ ಬದಲು 0.7ರ ಆಸುಪಾಸಿನಲ್ಲಿಟ್ಟು, ಒಂದೇ ರೀತಿ ಚುರುಕು ಮಾಡಿದ ಎರಡು ಲೇಯರ್ ಇಡಬೇಕು. ಒಂದಕ್ಕೆ ಡಾರ್ಕನ್ ಬ್ಲೆಂಡ್ ಮೋಡ್, ಅದನ್ನು ಪೂರ್ತಿ ಬಿಡಬೇಕು. ಇನ್ನೊಂದಕ್ಕೆ ಲೈಟನ್, ಅದರ ಅಪಾಸಿಟಿ ಶೇ. 30ಕ್ಕೆ ಇಳಿಸಬೇಕು. ಕಣ್ಣು ಕಪ್ಪು ಗೆರೆಯನ್ನು ನೆರಳೆಂದು ಒಪ್ಪಿಕೊಳ್ಳುತ್ತದೆ, ಬಿಳಿ ಗೆರೆಯನ್ನು ಮಾತ್ರ ಕ್ಷಮಿಸುವುದಿಲ್ಲ. ಕಲ್ಲಿನ ಉಳಿಗುರುತು ಎದ್ದು ಬರುತ್ತದೆ, ಆಕಾಶ ಆಕಾಶವಾಗಿಯೇ ಉಳಿಯುತ್ತದೆ.

ಸೂರತ್ತಿನ ಸೀರೆ ಕ್ಯಾಟಲಾಗುಗಳ ಮುಂದೆ ಈ ಸಹನೆ ಉಳಿಯುವುದು ಕಷ್ಟ. ದೊಡ್ಡ ಫೈಲನ್ನೇ ಗರಗರ ಚುರುಕು ಮಾಡಿ, ಆಮೇಲೆ ಫೋನಿನ ಅಳತೆಗೆ ಕುಗ್ಗಿಸುತ್ತಾರೆ. ನೇಯ್ಗೆಯ ಎಳೆಗಳು ಪಿಕ್ಸೆಲ್ ಸಾಲುಗಳೊಂದಿಗೆ ಜಗಳವಾಡಿ, ಸೀರೆಯಲ್ಲಿಲ್ಲದ ಅಲೆಅಲೆ ಪಟ್ಟೆ ಮೂಡುತ್ತದೆ. ಕುಗ್ಗಿಸುವುದು ಮೊದಲು, ಶಾರ್ಪನಿಂಗ್ ಕೊನೆಗೆ. ಇಷ್ಟು ಸಣ್ಣ ಕ್ರಮ ಪಾಲಿಸಲು ಏನು ರೋಗ? ನುಣುಪು ಜಾರ್ಜೆಟ್ಟು ಒರಟಾಗಿ, ಜರಿ ತಂತಿಯಾಗಿ ಕಾಣುತ್ತದೆ. ಸೀರೆ ಫೋಟೋದಲ್ಲಿದ್ದಂತಿಲ್ಲ ಎಂದು ಕೊಂಡವರು ವಾಪಸ್ ಕಳಿಸಿದರೆ ಬೈಗುಳ ಪಾಪ ನೇಯ್ದವನಿಗೆ.

ವಡೋದರಾದಲ್ಲಿ 2012ರಲ್ಲಿ ತೀರಿಕೊಳ್ಳುವವರೆಗೆ ಹೋಮಾಯಿ ವ್ಯಾರಾವಾಲಾ ಇದ್ದರು. ನೆಹರೂ ಪಾರಿವಾಳ ಹಾರಿಬಿಡುವ ಪ್ರಸಿದ್ಧ ಚಿತ್ರ ತೆಗೆದವರು. ಅಂಥ ಹಳೆಯ ಪ್ರಿಂಟುಗಳನ್ನು ಸ್ಕ್ಯಾನ್ ಮಾಡುವವರು ಎಷ್ಟು ವ್ಯತ್ಯಾಸವಿದ್ದರೆ ಅಂಚು ಎಂದು ಹೇಳುವ ಥ್ರೆಶೋಲ್ಡನ್ನು ಸೊನ್ನೆಯಲ್ಲೇ ಬಿಟ್ಟರೆ ಫಿಲ್ಮಿನ ಗ್ರೇನ್ ಒಂದೊಂದೂ ಅಂಚೆಂದೇ ಲೆಕ್ಕ. ಕೆನ್ನೆಯ ಮೇಲೆ ಮರಳು ಏಳುತ್ತದೆ.

ಇವರೆಲ್ಲರನ್ನೂ ಬಿಟ್ಟು ಹೋಗಿ ನೋಡಬೇಕಾದವರು ಅಹಮದಾಬಾದಿನಲ್ಲೇ ಇದ್ದಾರೆ. ಇಸ್ರೋದ ಸ್ಪೇಸ್ ಅಪ್ಲಿಕೇಶನ್ಸ್ ಸೆಂಟರ್ ಉಪಗ್ರಹಗಳಿಗೆ ಕ್ಯಾಮೆರಾ ಕಟ್ಟುವ ಜಾಗ. ಹಾಸನದ ಎ. ಎಸ್. ಕಿರಣ್ ಕುಮಾರ್ 1975ರಲ್ಲಿ ಅಲ್ಲಿ ಸೇರಿ, 1979ರ ಭಾಸ್ಕರ-1ರ ಟಿವಿ ಕ್ಯಾಮೆರಾದಿಂದ ಶುರುಮಾಡಿ, ಮುಂದೆ ಇಸ್ರೋ ಅಧ್ಯಕ್ಷರೇ ಆದರು. ಭಾಸ್ಕರನ ಕಣ್ಣಿಗೆ ಒಂದು ಕಿಲೋಮೀಟರಿಗಿಂತ ಸಣ್ಣದು ಕಾಣುತ್ತಿರಲಿಲ್ಲ. 1995ರ ಐಆರ್‌ಎಸ್-1ಸಿಯ ಕಪ್ಪು-ಬಿಳುಪು ಕ್ಯಾಮೆರಾ 5.8 ಮೀಟರಿಗೆ ಇಳಿಯಿತು, ಆದರೆ ಬಣ್ಣದ ಕ್ಯಾಮೆರಾ ಇನ್ನೂ 23.5 ಮೀಟರಿನಲ್ಲಿತ್ತು. ಎರಡನ್ನೂ ಬೆಸೆದು, ಒಂದರಿಂದ ಚುರುಕು ಇನ್ನೊಂದರಿಂದ ಬಣ್ಣ ತೆಗೆಯುವುದಕ್ಕೆ ಪ್ಯಾನ್-ಶಾರ್ಪನಿಂಗ್ ಎನ್ನುತ್ತಾರೆ. ಇಲ್ಲಿ ವಿವರ ನಿಜಕ್ಕೂ ಬೇರೊಂದು ಕಣ್ಣಿನಿಂದ ಬರುತ್ತದೆ. ಆದರೂ ತಕರಾರಿದೆ. ಆ ಕಪ್ಪು-ಬಿಳುಪು ಕ್ಯಾಮೆರಾಕ್ಕೆ ಇನ್‌ಫ್ರಾರೆಡ್ ಕಾಣದು, ಹಸಿರು ಪೈರು ಹೊಳೆಯುವುದೋ ಇನ್‌ಫ್ರಾರೆಡ್ಡಿನಲ್ಲೇ. ಹಾಗಾಗಿ ಇನ್‌ಫ್ರಾರೆಡ್ಡನ್ನು ಕೆಂಪಾಗಿ ತೋರಿಸುವ ಬೆಸೆದ ಚಿತ್ರದಲ್ಲಿ ಕಡುಗೆಂಪಾಗಿ ಕಾಣಬೇಕಾದ ಹೊಲ ಮಂಕಾಗುತ್ತದೆ. ಬೆಸೆಯುವ ವಿಧಾನ ಯಾವುದು ಸರಿ ಎಂಬ ವಿಷಯದಲ್ಲಿ ಅಲ್ಲೂ ಬ್ರೋವಿ ಪಕ್ಷ, ವೇವ್‌ಲೆಟ್ ಪಕ್ಷ ಎಂದು ಬೇರೆಬೇರೆ ಇವೆ.