ಹೇರ್‌ಪಿನ್ ತಿರುವಿನಲ್ಲಿ ಡಾಕ್ಟ್ರು

ನಮ್ಮ ಡಾಕ್ಟ್ರು ಆಡಿದ ಆರು ಗಂಟೆ ಅವಧಿಯ ಸ್ಲಾಟ್ ಕಾರ್ ರೇಸೊಂದರ ಕಥೆ ಹೇಳಿಯೇ ಬಿಡುತ್ತೇನೆ. ನಾನು ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ ಕೆಲಸಕ್ಕಿದ್ದ ಕಾಲ ಅದು. ನವೆಂಬರ್ ತಿಂಗಳು. ಅಲ್ಲಿ ಆ ಹೊತ್ತಿಗೆ ಸಂಜೆ ಐದಕ್ಕೆಲ್ಲ ಗವ್ವೆನ್ನುವ ಕತ್ತಲು, ಹೊರಗೆ ಬಿಡದೆ ಹನಿಯುವ ಮಳೆ. ಊರಿನ ಸಮುದಾಯ ಭವನದ ಹಿಂದೆ ಒಂದು ಉದ್ದನೆಯ ಕೋಣೆ ಇತ್ತು. ಕೋಣೆಯ ತುಂಬ ಮರದ ಒಂದೇ ಒಂದು ಟ್ರ್ಯಾಕ್. ನೂರು ಅಡಿ ಸುತ್ತಳತೆ, ನಾಲ್ಕು ಲೇನ್: ಕೆಂಪು, ಬಿಳಿ, ನೀಲಿ, ಹಳದಿ. ವಾರಕ್ಕೊಮ್ಮೆ ಕೆಲಸ ಮುಗಿಸಿ ಅಲ್ಲಿ ಸೇರುತ್ತಿದ್ದೆವು.

ಸ್ಲಾಟ್ ಕಾರ್ ನೋಡದವರಿಗೆ ಒಂದು ಮಾತು ಹೇಳಬೇಕು. ಪ್ರತಿ ಲೇನಿನ ನಡುವೆ ಒಂದು ಸಣ್ಣ ಸೀಳು, ಅದರ ಎರಡೂ ಬದಿಗೆ ತಾಮ್ರದ ಪಟ್ಟಿ. ಪಟ್ಟಿಯಲ್ಲಿ ಹನ್ನೆರಡು ವೋಲ್ಟ್ ಕರೆಂಟು. ಕಾರಿನ ಮೂತಿಯ ಕೆಳಗೆ ಗೈಡ್ ಎಂಬ ಒಂದು ನಾಲಿಗೆ ಇರುತ್ತದೆ, ಅದು ಸೀಳಿನೊಳಗೆ ಇಳಿದು ದಾರಿ ಹಿಡಿಯುತ್ತದೆ. ಗೈಡಿನ ಅಕ್ಕಪಕ್ಕ ತಾಮ್ರದ ಎಳೆಗಳನ್ನು ಹೆಣೆದ ಎರಡು ಬ್ರೇಡ್, ಅವು ಪಟ್ಟಿಗೆ ತಾಗಿಕೊಂಡು ಕರೆಂಟನ್ನು ಮೋಟರಿಗೆ ಒಯ್ಯುತ್ತವೆ. ಸ್ಟಿಯರಿಂಗ್ ಇಲ್ಲ. ನಿಮ್ಮ ಕೈಯಲ್ಲಿರುವುದು ಪಿಸ್ತೂಲಿನ ಹಿಡಿಯಂಥ ಕಂಟ್ರೋಲರ್, ಅದಕ್ಕೊಂದು ಟ್ರಿಗರ್, ಅಷ್ಟೇ. ಒತ್ತಿದಷ್ಟು ವೇಗ. ಬಿಟ್ಟರೆ ಬ್ರೇಕ್: ಟ್ರಿಗರ್ ಬಿಟ್ಟ ಕೂಡಲೇ ಕಂಟ್ರೋಲರ್ ಮೋಟರಿನ ಎರಡು ತುದಿಗಳನ್ನು ಒಂದಕ್ಕೊಂದು ಜೋಡಿಸುತ್ತದೆ, ತಿರುಗುತ್ತಿರುವ ಮೋಟರು ಆ ಕ್ಷಣ ಡೈನಮೋ ಆಗಿ ತನ್ನನ್ನು ತಾನೇ ತಡೆಯುತ್ತದೆ. ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಎನ್ನುವುದರಲ್ಲೇ ಇಡೀ ವಿದ್ಯೆ ಇದೆ. ಸ್ವಲ್ಪ ಹೆಚ್ಚಾಯಿತೋ, ತಿರುವಿನಲ್ಲಿ ಬಾಲ ಬೀಸಿ ಗೈಡ್ ಸೀಳಿನಿಂದ ಮೇಲೆದ್ದು ಕಾರು ಹೊರಗೆ. ಅಂಗಡಿಯಿಂದ ತಂದ ಕಾರುಗಳ ಹೊಟ್ಟೆಯಲ್ಲಿ ಅಯಸ್ಕಾಂತ ಇರುತ್ತದೆ, ಅದು ಅಂಗಡಿ ಟ್ರ್ಯಾಕಿನ ಉಕ್ಕಿನ ಪಟ್ಟಿಗೆ ಕಚ್ಚಿಕೊಂಡು ಕಾರನ್ನು ಹಿಡಿದಿಡುತ್ತದೆ. ನಮ್ಮ ತಾಮ್ರದ ಪಟ್ಟಿಗೆ ಅದು ಹೇಗೂ ಕಚ್ಚದು, ನಾವು ಅದನ್ನು ಕಿತ್ತೇ ಓಡಿಸುತ್ತಿದ್ದೆವು. ಅಯಸ್ಕಾಂತವಿದ್ದ ಕಾರು ಸೂಚನೆಯನ್ನೇ ಕೊಡದೆ ಹಾರಿಬಿಡುತ್ತದೆ. ಅದಿಲ್ಲದ ಕಾರು ಬಾಲ ಜಾರಿಸುತ್ತಾ ‘ಇನ್ನು ಸಾಕು’ ಎಂದು ಮೊದಲೇ ಹೇಳುತ್ತದೆ. ನನಗಂತೂ ಆ ಜಾರುವಿಕೆಯನ್ನು ಬೆರಳ ತುದಿಯಲ್ಲಿ ಹಿಡಿದಿಡುವುದಕ್ಕಿಂತ ದೊಡ್ಡ ಸುಖ ಆ ಊರಿನಲ್ಲಿ ಬೇರೆ ಸಿಗಲಿಲ್ಲ.

ನಮ್ಮ ತಂಡದಲ್ಲಿ ಮೂವರು. ನಾನು ಶಿವಮೊಗ್ಗದವನು. ಡಾಕ್ಟ್ರು ಧಾರವಾಡದವರು, ಹ್ಯಾಂಪ್‌ಶೈರ್‌ನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವವರು. ಮೂರನೆಯವರು ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ ಬಡಗಿಯಾಗಿದ್ದು ನಿವೃತ್ತರಾದ ಇಂಗ್ಲಿಷ್ ಹಿರಿಯರು. ಡಾಕ್ಟ್ರು ಅವರನ್ನು ‘ಅಜ್ಜಾರು’ ಎಂದು ಕರೆಯಲು ಶುರು ಮಾಡಿದರು, ನಾನೂ ಹಾಗೇ ಕರೆದೆ. ಕೆಲವೇ ವಾರಗಳಲ್ಲಿ ಆ ಹೆಸರಿಗೆ ಅವರು ತಿರುಗಿ ನೋಡುವ ಹಾಗಾಯಿತು. ಆ ಟ್ರ್ಯಾಕ್ ಕಟ್ಟಿದವರೇ ಅವರು. ಹಲಗೆಯಲ್ಲಿ ಸೀಳು ಕೊರೆದು, ತಾಮ್ರದ ಪಟ್ಟಿ ಅಂಟಿಸಿ, ಎಲ್ಲೂ ಒಂದು ಕೂದಲಿನಷ್ಟು ಏರುಪೇರಿಲ್ಲದ ಹಾಗೆ ಉಜ್ಜಿದ್ದರು. ಕೈಯಾಡಿಸಿದರೆ ಹಲಗೆಗಳ ಸಂದು ಎಲ್ಲಿದೆ ಎಂದೇ ತಿಳಿಯುತ್ತಿರಲಿಲ್ಲ.

ಈ ಆಟಕ್ಕೂ ಅಲ್ಲಿಯ ಮಣ್ಣಿಗೂ ನಂಟಿದೆ. ಫ್ರೆಡ್ ಫ್ರಾನ್ಸಿಸ್ ಎಂಬವರ ಮಿನಿಮಾಡೆಲ್ಸ್ ಕಂಪನಿ ಅದೇ ಹ್ಯಾಂಪ್‌ಶೈರ್‌ನ ಹ್ಯಾವಂಟ್‌ನಲ್ಲಿತ್ತು. 1952ರಲ್ಲಿ ಅವರು ಸ್ಕೇಲೆಕ್ಸ್ ಎಂಬ ಕೀಲಿ ಕಾರುಗಳನ್ನು ತಂದರು. ಕೀಲಿ ಮುಗಿದರೆ ಕಾರು ನಿಂತೇ ಹೋಗುತ್ತದೆ, ನಡುವೆ ಆಡುವವನ ಕೈವಾಡ ಏನೂ ಇಲ್ಲ. ಅದಕ್ಕೇ ಮೋಟರು ಕೂರಿಸಿ, ರಬ್ಬರಿನ ಟ್ರ್ಯಾಕ್ ಮಾಡಿ, 1957ರ ಜನವರಿಯಲ್ಲಿ ಹ್ಯಾರೊಗೇಟ್ ಆಟಿಕೆ ಮೇಳದಲ್ಲಿ ಸ್ಕೇಲೆಕ್ಸ್‌ಟ್ರಿಕ್ ಎಂದು ತೋರಿಸಿದರು. ಮೇಳದಲ್ಲಿ ಅದಕ್ಕೆ ಎಷ್ಟು ಬೇಡಿಕೆ ಬಂತೆಂದರೆ ಪೂರೈಸುವುದು ಆ ಸಣ್ಣ ಕಂಪನಿಯ ಕೈ ಮೀರಿತು. ಮರುವರ್ಷವೇ ಲೈನ್ಸ್ ಬ್ರದರ್ಸ್ ಎಂಬ ದೊಡ್ಡ ಆಟಿಕೆ ಕಂಪನಿ ಅದನ್ನು ಕೊಂಡಿತು. ಅಜ್ಜಾರ ಅಕ್ಕ ಹ್ಯಾವಂಟ್ ಕಾರ್ಖಾನೆಯಲ್ಲಿ ಕಾರು ಜೋಡಿಸುವ ಕೆಲಸದಲ್ಲಿದ್ದರಂತೆ. ಆಕೆ ತಮ್ಮನಿಗೆ ತಂದುಕೊಟ್ಟಿದ್ದ ತಗಡಿನ ಮಾಸೆರಾಟಿ 250ಎಫ್ ಕಾರು ಅವರ ಪೆಟ್ಟಿಗೆಯ ಮೂಲೆಯಲ್ಲಿ, ಹತ್ತಿಯಲ್ಲಿ ಸುತ್ತಿಟ್ಟು, ಸದಾ ಇರುತ್ತಿತ್ತು. ಕೆಂಪು ಬಣ್ಣ ಅಂಚಿನಲ್ಲಿ ಸವೆದು ತಗಡು ಹೊಳೆಯುತ್ತಿತ್ತು.

ಇನ್ನು ಮಾರ್ಷಲ್ ಕೆಲಸ. ಕಥೆ ನಿಂತಿರುವುದೇ ಅದರ ಮೇಲೆ. ಕಾರು ಹೊರಗೆ ಬಿದ್ದರೆ ಓಡಿಸುವವನು ಓಡಿ ಹೋಗಿ ಎತ್ತಿಡುವ ಹಾಗಿಲ್ಲ. ಪ್ರತಿ ತಿರುವಿನಲ್ಲೂ ಒಬ್ಬ ಮಾರ್ಷಲ್ ನಿಂತಿರುತ್ತಾನೆ, ಅವನೇ ಎತ್ತಿಡಬೇಕು. ಆ ಮಾರ್ಷಲ್ ಬೇರೆ ಯಾರೂ ಅಲ್ಲ, ನಿಮ್ಮ ಎದುರಾಳಿ. ಆ ದಿನ ನಾಲ್ಕು ತಂಡ, ತಂಡಕ್ಕೆ ಮೂವರು. ನಾಲ್ವರು ಓಡಿಸುತ್ತಾರೆ, ನಾಲ್ವರು ತಿರುವುಗಳಲ್ಲಿ ನಿಲ್ಲುತ್ತಾರೆ, ಉಳಿದ ನಾಲ್ವರಿಗೆ ಚಹಾ ಮತ್ತು ಕಾರಿನ ಆರೈಕೆ. ಅರ್ಧ ಗಂಟೆಗೊಮ್ಮೆ ಬದಲಿ, ಒಂದೂವರೆ ಗಂಟೆಗೊಮ್ಮೆ ಲೇನ್ ಬದಲಿ. ಆರು ಗಂಟೆ ಮುಗಿಯುವಷ್ಟರಲ್ಲಿ ಎಲ್ಲರೂ ಎಲ್ಲ ಲೇನಿನಲ್ಲೂ ಓಡಿಸಿರುತ್ತಾರೆ, ಎಲ್ಲರ ಕಾರನ್ನೂ ಎಲ್ಲರೂ ಎತ್ತಿಟ್ಟಿರುತ್ತಾರೆ. ಗೆಲ್ಲಲೇಬೇಕೆಂದು ಹಟ ಹಿಡಿದವನೂ ನಾಲ್ಕು ಹೆಜ್ಜೆ ಆಚೆ ನಿಂತು ಇನ್ನೊಬ್ಬನ ಗೆಲುವಿಗೆ ಕೈ ಕೊಡಬೇಕು. ನಾನು ಕ್ರಿಕೆಟ್ ಆಡಿದ್ದೇನೆ, ಚೆಸ್ ಆಡಿದ್ದೇನೆ, ಈ ಏರ್ಪಾಡು ಇನ್ನೆಲ್ಲೂ ಕಂಡಿಲ್ಲ.

ಅಂದಿನ ರೇಸು ಎಂಬತ್ತರ ದಶಕದ ಲೆ ಮಾನ್ ಕಾರುಗಳದು, ಅಂದರೆ ಫ್ರಾನ್ಸಿನಲ್ಲಿ ಹಗಲು ರಾತ್ರಿ ಇಪ್ಪತ್ನಾಲ್ಕು ಗಂಟೆ ಓಡುವ ರೇಸಿನವು. 1988ರಲ್ಲಿ ಜಾಗ್ವಾರ್ ಎಕ್ಸ್‌ಜೆಆರ್-9 ಲೆ ಮಾನ್ ಗೆದ್ದು, 1981ರಿಂದ ಸತತವಾಗಿ ಗೆಲ್ಲುತ್ತಿದ್ದ ಪೋರ್ಶೆಯನ್ನು ಕೆಳಗಿಳಿಸಿತ್ತು. ಎರಡನೆಯದಾಗಿ ಬಂದ ಪೋರ್ಶೆ 962 ಕೂಡ ಅದರಷ್ಟೇ, 394 ಲ್ಯಾಪ್ ಓಡಿತ್ತು. ಆ ಪೋರ್ಶೆಯ ಚಾಲಕರಲ್ಲಿ ಐದು ಸಲ ಲೆ ಮಾನ್ ಗೆದ್ದ ಡೆರೆಕ್ ಬೆಲ್ ಒಬ್ಬರು. ಅಜ್ಜಾರಿಗೆ ಅವರೆಂದರೆ ದೇವರು. ಹಾಗಾಗಿ ನಮ್ಮದು ಅದೇ 17ನೇ ನಂಬರಿನ ಪೋರ್ಶೆ, ಮೂವತ್ತೆರಡನೇ ಒಂದು ಪಾಲಿಗೆ ಇಳಿಸಿದ್ದು, ಒಂದು ಗೇಣಿಗಿಂತ ಚಿಕ್ಕದು. ನೇರಳೆ, ಬಿಳಿ ಬಣ್ಣದ ಜಾಗ್ವಾರ್ ಒಬ್ಬ ಶಾಲಾ ಮೇಷ್ಟರ ತಂಡದ್ದು.

ಡಾಕ್ಟ್ರ ಮನೆಯವರನ್ನು ನಾನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದೆ. ವೈನಿ ಅಂದು ಗಿರ್ಮಿಟ್ ಕಟ್ಟಿಕೊಟ್ಟಿದ್ದರು. ಚುರುಮುರಿ ಬೇರೆ, ಒಗ್ಗರಣೆಯ ಮಸಾಲೆ ಬೇರೆ, ಹೆಚ್ಚಿದ ಈರುಳ್ಳಿ, ಪುಠಾಣಿ ಪುಡಿ ಬೇರೆ ಬೇರೆ ಡಬ್ಬಿಯಲ್ಲಿ, ಕಲಸಿಟ್ಟರೆ ಮೆತ್ತಗಾಗುತ್ತದೆಂದು. ಡಾಕ್ಟ್ರದು ಒಂದೇ ಷರತ್ತು: ಚಮಚದಲ್ಲೇ ತಿನ್ನಬೇಕು. ಎಣ್ಣೆಗೈ ಟೈರಿಗೆ ತಾಗಿದರೆ ಹಿಡಿತ ಹೋಗುತ್ತದೆ.

ಮೊದಲ ಮೂರು ಗಂಟೆ ಹೇಳುವಂಥದ್ದೇನೂ ನಡೆಯಲಿಲ್ಲ. ನಾವು ಮುಂದೆ, ಜಾಗ್ವಾರ್ ಮುಂದೆ, ಮತ್ತೆ ನಾವು. ಆಮೇಲೆ ಭವನದ ದೀಪಗಳನ್ನೆಲ್ಲ ಆರಿಸಿದರು. ಲೆ ಮಾನ್ ರೇಸೆಂದರೆ ರಾತ್ರಿ ಇರಲೇಬೇಕಲ್ಲ! ಕಾರುಗಳ ಮೂತಿಯಲ್ಲಿ ಸಾಸಿವೆ ಕಾಳಿನಷ್ಟು ಎಲ್‌ಇಡಿ ದೀಪ, ಹಿಂದೆ ಕೆಂಪು. ಮಾರ್ಷಲ್‌ಗಳ ಹಣೆಗೆ ಸಣ್ಣ ಟಾರ್ಚ್. ಕತ್ತಲಲ್ಲಿ ಟ್ರ್ಯಾಕ್ ಕಾಣುವುದಿಲ್ಲ, ನಾಲ್ಕು ಜೋಡಿ ಬೆಳಕು ಮಾತ್ರ ಓಡುತ್ತದೆ. ಯಾವ ತಿರುವು ಎಲ್ಲಿ ಬರುತ್ತದೆ ಎನ್ನುವುದು ಬೆರಳಿಗೆ ಬಾಯಿಪಾಠವಾಗಿರಬೇಕು, ಜೊತೆಗೆ ಕಿವಿಯೂ ಬೇಕು. ಮೋಟರಿನ ದನಿ ಕೇಳಿಯೇ ಅಜ್ಜಾರು ನೇರ ಹಾದಿಯ ಕೊನೆ ಹೇಳುತ್ತಿದ್ದರು.

ಅಜ್ಜಾರು ಓಡಿಸುತ್ತಿದ್ದರು, ನಾನು ಕಾರಿನ ಆರೈಕೆಯ ಜಾಗವಾದ ಪಿಟ್‌ನಲ್ಲಿದ್ದೆ. ಹೇರ್‌ಪಿನ್ ತಿರುವಿನ ಕತ್ತಲಿನಿಂದ ಡಾಕ್ಟ್ರ ಕೂಗು ಬಂತು.

“ಗಾಡಿ ದೀಪ ಮಿಣಮಿಣ ಅನ್ನಾಕತ್ತೈತಿ ನೋಡ್ರಿ! ಒಳಗ ಕರಕೊಳ್ರಿ ಲಗೂನ!”

ತಿರುವಿನಲ್ಲಿ ಟ್ರಿಗರ್ ಬಿಟ್ಟಾಗ ದೀಪ ಮಂಕಾಗುವುದು ಸಹಜ. ಬಿಗಿಯಾಗಿ ಒತ್ತಿ ಹಿಡಿದ ನೇರ ಹಾದಿಯಲ್ಲೂ ಮಿಣುಕಿದರೆ ಬ್ರೇಡ್ ಕೆಟ್ಟಿದೆ ಎಂದೇ ಲೆಕ್ಕ. ಇನ್ನೊಂದಿಷ್ಟು ಸುತ್ತು ಹೋಗಿದ್ದರೆ ಕಾರು ಎಲ್ಲೋ ನಡುದಾರಿಯಲ್ಲಿ ನಿಲ್ಲುತ್ತಿತ್ತು. ಅಜ್ಜಾರು ನನ್ನ ಮುಂದೆ ತಂದು ನಿಲ್ಲಿಸಿದರು. ಎತ್ತಿ ಮಗುಚಿದೆ. ಟಾರ್ಚಿನ ಬೆಳಕಿಗೆ ಎರಡೂ ಬ್ರೇಡ್ ಮಸಿ ಮೆತ್ತಿದಷ್ಟು ಕಪ್ಪು. ಹಿಂದಿನ ಆಕ್ಸಲಿಗೆ ಯಾರದೋ ಉದ್ದ ಕೂದಲು, ಕಂಬಳಿಯ ನವಿರಿನ ಜೊತೆ ಸೇರಿ, ಗೇರಿನ ಬುಡದವರೆಗೆ ಬಿಗಿಯಾಗಿ ಸುತ್ತಿಕೊಂಡಿತ್ತು. ಚಿಮಟದ ತುದಿಯಲ್ಲಿ ಕೂದಲಿನ ಕೊನೆ ಹಿಡಿದು ಚಕ್ರವನ್ನು ಹಿಂದಕ್ಕೆ ತಿರುಗಿಸಿದೆ, ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡು ಬಂತು. ಹಳೆಯ ಬ್ರೇಡ್ ಎಳೆದು ಹೊಸದನ್ನು ಗೈಡಿಗೆ ಸಿಕ್ಕಿಸಿ, ತುದಿಯ ಎಳೆಗಳನ್ನು ಉಗುರಿನಿಂದ ಸ್ವಲ್ಪ ಬಿಡಿಸಿ ಕೆಳಮುಖವಾಗಿ ಬಾಗಿಸಿದೆ. ಟೈರನ್ನು ಅಂಟು ಪಟ್ಟಿಯ ಮೇಲೆ ಉರುಳಿಸಿ ಧೂಳು ತೆಗೆದೆ. ಸೀಳಿಗೆ ಇಳಿಸಿದೆ. ದೀಪ ಝಗ್ಗನೆ ಹತ್ತಿತು. ಆ ಹೊತ್ತಿಗೆ ಜಾಗ್ವಾರ್ ನಮಗಿಂತ ಎಂಟು ಲ್ಯಾಪ್ ಮುಂದೆ.

ಆ ಎಂಟು ಲ್ಯಾಪ್‌ಗಳನ್ನು ಉಳಿದ ಹೊತ್ತಿನಲ್ಲಿ ಒಂದೊಂದಾಗಿ ಮೂವರೂ ಹಿಂದಕ್ಕೆ ಪಡೆದೆವು. ಹೊಸ ಬ್ರೇಡಿನ ಕಾರು ಅಷ್ಟು ಚೆನ್ನಾಗಿ ಓಡುತ್ತಿತ್ತು. ದೀಪಗಳು ಮತ್ತೆ ಹತ್ತಿದವು. ಕೊನೆಯ ಅರ್ಧ ಗಂಟೆ ಅಜ್ಜಾರದು. ಡಾಕ್ಟ್ರು ಹೇರ್‌ಪಿನ್‌ನಲ್ಲಿ ಮಾರ್ಷಲ್. ನಾನು ಲ್ಯಾಪ್ ಎಣಿಸುವ ಕಂಪ್ಯೂಟರ್ ಪರದೆಯ ಮುಂದೆ. ಇನ್ನೇನು ಐದು ನಿಮಿಷವಿದೆ ಎನ್ನುವಾಗ ಒಟ್ಟು ಲೆಕ್ಕದಲ್ಲೂ ಟ್ರ್ಯಾಕಿನ ಮೇಲೂ ಎರಡು ಕಾರು ಅಕ್ಕಪಕ್ಕ: ಒಳಗಿನ ಬಿಳಿ ಲೇನಿನಲ್ಲಿ ನಾವು, ಅದರ ಹೊರಗಿನ ನೀಲಿಯಲ್ಲಿ ಜಾಗ್ವಾರ್. ಕೋಣೆಯಲ್ಲಿ ಯಾರೂ ಚಹಾ ಮುಟ್ಟುತ್ತಿರಲಿಲ್ಲ.

ಹೇರ್‌ಪಿನ್‌ಗೆ ಎರಡೂ ಒಟ್ಟಿಗೇ ಬಂದವು. ನಮ್ಮ ಪೋರ್ಶೆಯ ಬಾಲ ಹೊರಕ್ಕೆ ಬೀಸಿತು, ಜಾಗ್ವಾರಿನ ಪಕ್ಕೆಗೆ ಬಡಿಯಿತು. ಎರಡೂ ಹೊರಗೆ. ಜಾಗ್ವಾರ್ ಮಗುಚಿ ತಡೆಗೋಡೆಯ ಅಡಿಗೆ ಜಾರಿತು. ನಮ್ಮದು ಡಾಕ್ಟ್ರ ಕೈಯ ಪಕ್ಕದಲ್ಲೇ, ಚಕ್ರದ ಮೇಲೆ ನಿಂತಿತ್ತು. ಸ್ವಲ್ಪ ತಳ್ಳಿದರೂ ಸೀಳಿಗೆ ಬೀಳುತ್ತಿತ್ತು.

ನಮ್ಮಲ್ಲಿ ಒಂದು ರೂಢಿ ಇತ್ತು. ಪೆಟ್ಟು ತಿಂದ ಕಾರು ಮೊದಲು, ಬಡಿದದ್ದು ಆಮೇಲೆ. ಡಾಕ್ಟ್ರು ನಮ್ಮ ಕಾರಿನ ಮೇಲಿಂದ ಕೈ ಚಾಚಿ, ಗೋಡೆಯ ಅಡಿಯಿಂದ ಜಾಗ್ವಾರನ್ನು ಎಳೆದು, ತಿರುಗಿಸಿ, ಗೈಡ್ ನೀಲಿ ಸೀಳಿನಲ್ಲಿ ಸರಿಯಾಗಿ ಕೂತಿದೆಯೇ ಎಂದು ನೋಡಿ ಬಿಟ್ಟರು. ಅದು ಹೊರಟ ಮೇಲೆ ನಮ್ಮದನ್ನಿಟ್ಟರು. ಆಪರೇಷನ್ ಥಿಯೇಟರಿನಲ್ಲಿ ಪಳಗಿದ ಕೈ, ಒಂದಿಷ್ಟೂ ನಡುಗಲಿಲ್ಲ, ತಡವರಿಸಲೂ ಇಲ್ಲ. ಹೋದದ್ದು ಎರಡು ಮೂರು ಸೆಕೆಂಡ್ ಇರಬಹುದು.

ಸಮಯ ಮುಗಿದ ಕ್ಷಣ ಟ್ರ್ಯಾಕಿನ ಕರೆಂಟು ತಾನೇ ನಿಲ್ಲುತ್ತದೆ, ಕಾರುಗಳು ಇದ್ದಲ್ಲೇ ನಿಲ್ಲುತ್ತವೆ. ಜಾಗ್ವಾರ್ ಟ್ರ್ಯಾಕಿನಲ್ಲಿದ್ದ ಸೇತುವೆ ದಾಟಿತ್ತು, ನಮ್ಮದು ಸೇತುವೆ ಏರುತ್ತಿತ್ತು. ಇಬ್ಬರದೂ ಒಂದೇ ಲ್ಯಾಪ್ ಸಂಖ್ಯೆ. ಟೇಪು ಹಿಡಿದು ಅಳೆದರು. ಹನ್ನೆರಡು ಅಡಿಯ ಹತ್ತಿರ ಅಂತರ. ಅಜ್ಜಾರು ಕಂಟ್ರೋಲರ್ ಕೆಳಗಿಟ್ಟು, “1988ರಲ್ಲೂ ಹೀಗೇ ಆಗಿತ್ತು, ಒಂದೇ ಲ್ಯಾಪ್‌ನಲ್ಲಿ” ಎಂದು ಜೋರಾಗಿ ನಕ್ಕರು. ಆ ಸಲ ಯಾನ್ ಲ್ಯಾಮರ್ಸ್ ಗೇರು ಬದಲಿಸಲಾಗದೆ ನಾಲ್ಕನೇ ಗೇರಿನಲ್ಲೇ ಜಾಗ್ವಾರನ್ನು ಗುರಿ ಮುಟ್ಟಿಸಿದ್ದನ್ನು ಗೆದ್ದ ತಂಡದವರಿಗೇ ಮತ್ತೊಮ್ಮೆ ವರ್ಣಿಸಿದರು.

ನಾನು ಸುಮ್ಮನಿರಲಾರದೆ ಕೇಳಿದೆ: “ಡಾಕ್ಟ್ರೇ, ನಮ್ಮದು ಕೈ ಪಕ್ಕದಲ್ಲೇ ಇತ್ತಲ್ಲ?”

“ಇತ್ತ್ರಿ. ಆದ್ರ ಅಲ್ಲಿ ನಿಂತಾಗ ನಾ ಪೋರ್ಶೆ ಕಡೆಯಾಂವ ಅಲ್ಲ, ತಿರುವಿನ ಕಡೆಯಾಂವ,” ಎಂದವರೇ ಚಮಚ ಪಕ್ಕಕ್ಕಿಟ್ಟು ಗಿರ್ಮಿಟ್ಟಿಗೆ ಕೈ ಹಾಕಿದರು.

ಜಾಗ್ವಾರಿನ ಮೇಷ್ಟರು ನೇರ ಅವರ ಬಳಿ ಬಂದರು. ಕೈ ಕುಲುಕಿ, ವಸಂತದ ರೇಸಿಗೆ ನೀವು ನಮ್ಮ ತಂಡಕ್ಕೆ ಬರಬೇಕು ಎಂದು ಎಲ್ಲರೆದುರೇ ಕೇಳಿದರು. ಡಾಕ್ಟ್ರ ಬಾಯ್ತುಂಬ ಗಿರ್ಮಿಟ್. “ಅಜ್ಜಾರನ್ನ ಕೇಳ್ರಿ” ಎಂದು ಕನ್ನಡದಲ್ಲೇ ಹೇಳಿ ಬೆರಳು ತೋರಿಸಿದರು. ಟೈರು ಬಿಚ್ಚುತ್ತಾ ಕೂತಿದ್ದ ಅಜ್ಜಾರು ತಮ್ಮ ಹೆಸರು ಕಿವಿಗೆ ಬಿದ್ದದ್ದೇ ತಲೆಯೆತ್ತಿ ‘ನೋ’ ಎಂದುಬಿಟ್ಟರು. ವಸಂತದ ರೇಸಿಗೆ ನಾವು ಮೂವರೂ ಅದೇ ಪೋರ್ಶೆ ಹಿಡಿದು ಹೋದೆವು. ವೈನಿ ಆ ಸಲ ಗಿರ್ಮಿಟ್ಟಿಗೆ ಇನ್ನೆರಡು ಡಬ್ಬಿ ಹೆಚ್ಚು ಕಟ್ಟಿಕೊಟ್ಟರು, ಜಾಗ್ವಾರಿನವರಿಗೆ.