ಮುಂಗಾಲಿಯ ಮೇಲೊಂದು ಅಂಗುಲ

ಮೋಟಾರು ಗಾಡಿಯ ಮೂತಿ ಒಂದಂಗುಲ ಮೇಲಕ್ಕೇರಿದರೆ ಯಾವ ಲೋಕ ಮುಳುಗೀತು ಎಂದು ವಾಚಕರು ಕೇಳಬಹುದು. ನಾವೂ ಹಾಗೆಯೇ ಕೇಳಿದವರು. ಅಂಗುಲದ ಚಿಂತೆ ದರ್ಜಿಗೆ ಸೇರಿದ್ದು, ಬಡಗಿಗೆ ಸೇರಿದ್ದು. ಗಾಡಿಯ ಯಜಮಾನನು ಎಣ್ಣೆ, ಗಾಳಿ, ವಿಮೆಯ ಕಂತು ಇವಿಷ್ಟನ್ನು ನೋಡಿಕೊಂಡರೆ ಸಾಕೆಂದು ತಿಳಿದಿದ್ದೆವು. ಎರಡು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ನಡೆದ ಸಂಗತಿಯು ಆ ತಿಳಿವಳಿಕೆಯನ್ನು ಬುಡಮೇಲು ಮಾಡಿತು.

ನಮ್ಮದು ಪೆಟ್ರೋಲಿನಿಂದ ನಡೆಯುವ ಒಂದು ಚಿಕ್ಕ ಗಾಡಿ. ಹನ್ನೊಂದು ವರ್ಷ ದುಡಿದದ್ದು. ಮೈಸೂರಿನಿಂದ ಹುಣಸೂರಿನ ಮೇಲೆ ಪಿರಿಯಾಪಟ್ಟಣದ ಕಡೆಯ ನಮ್ಮ ಊರಿಗೆ ತಿಂಗಳಿಗೊಂದಾವರ್ತಿಯಾದರೂ ಹೋಗಿಬರುವುದು ವಾಡಿಕೆ. ತಾಯಿಯವರಿಗೆ ಊರನ್ನು ಬಿಟ್ಟಿರಲಾಗದು. ಹೆದ್ದಾರಿಯನ್ನು ಬಿಟ್ಟು ಊರ ದಾರಿ ಹಿಡಿದೊಡನೆ ರಸ್ತೆಯುಬ್ಬುಗಳು ಆರಂಭವಾಗುತ್ತವೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನವರು 1988ರ ತಮ್ಮ ಸೂಚನೆಯಲ್ಲಿ ಉಬ್ಬಿನ ಎತ್ತರವು 10 ಸೆಂಟಿಮೀಟರು, ಅಗಲವು 3.7 ಮೀಟರು ಇರತಕ್ಕದ್ದೆಂದು ಹೇಳಿದ್ದಾರೆ. ನಮ್ಮೂರಿನ ಉಬ್ಬುಗಳನ್ನು ಕಟ್ಟಿದವರು ಎತ್ತರವನ್ನು ಮಾತ್ರ ಓದಿಕೊಂಡು ಅಗಲವನ್ನು ಮರೆತಂತೆ ತೋರುತ್ತದೆ. ಗಾಡಿಯ ಮುಂಭಾಗದ ಸ್ಪ್ರಿಂಗುಗಳು ವಯಸ್ಸಾಗಿ ಕುಸಿದಿದ್ದುವು. ನಾಲ್ವರು ಕುಳಿತರೆ ಹೊಟ್ಟೆ ಉಜ್ಜಿಕೊಂಡೇ ಉಬ್ಬನ್ನು ದಾಟಬೇಕು. ಆ ಸದ್ದನ್ನು ಕೇಳಿದಾಗಲೆಲ್ಲ ತಾಯಿಯವರು ತಮ್ಮ ಸೊಂಟವನ್ನೇ ಹಿಡಿದುಕೊಳ್ಳುತ್ತಿದ್ದರು.

ಆದುದರಿಂದ ಹೊಸ ಸ್ಪ್ರಿಂಗುಗಳನ್ನೂ ಶಾಕ್ ಅಬ್ಸಾರ್ಬರುಗಳನ್ನೂ ಹಾಕಿಸುವುದೆಂದು ನಿಶ್ಚಯವಾಯಿತು. ಗಾಡಿಯ ಕಂಪೆನಿಯ ಮಾಲಿಗೆ ಹೇಳಿದ ಬೆಲೆಯನ್ನು ಕೇಳಿ ನಾವು ಹಿಂದಿರುಗಿದೆವು. ಬಿಡಿಭಾಗಗಳ ಒಂದು ಅಂಗಡಿಯವನು ಅದರ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ಬೆಲೆಗೆ ಹೊರಗಿನ ಮಾಲನ್ನು ತೋರಿಸಿದನು. ನಾವು ಸಂಶಯಪಟ್ಟುದನ್ನು ಕಂಡು, ನಮ್ಮ ಮಾದರಿಯದೇ ಎಂದು ಒಂದು ಹಳೆಯ ಸ್ಪ್ರಿಂಗನ್ನು ತಂದು ಹೊಸದರ ಪಕ್ಕದಲ್ಲಿ ಮೇಜಿನ ಮೇಲೆ ನಿಲ್ಲಿಸಿದನು. “ನೋಡಿ ಸಾರ್, ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೆ ಹೇಳಿ” ಎಂದನು. ಎರಡೂ ಅವಳಿಮಕ್ಕಳಂತೆ ಸಮಾನವಾಗಿದ್ದುವು. ನಾವು ಹಣವನ್ನು ಎಣಿಸಿದೆವು.

ಗಾಡಿ ಮನೆಗೆ ಬಂದ ದಿನ ನಮ್ಮ ಹಿಗ್ಗು ಹೇಳತೀರದು. ಕುಸಿದ ಮೂತಿಯನ್ನು ಎತ್ತಿಕೊಂಡು ಜಾತ್ರೆಯ ಹೋರಿಯಂತೆ ಬಾಗಿಲಲ್ಲಿ ನಿಂತಿತ್ತು. ತಾಯಿಯವರು ಮಾತ್ರ ಮುಂದಿನ ಆಸನಕ್ಕೆ ಏರಲು ಎರಡು ಸಲ ಪ್ರಯತ್ನಪಟ್ಟು, “ಇದೇನೋ ಮಗೂ, ಎತ್ತಿನ ಗಾಡಿ ಹತ್ತಿದ ಹಾಗಾಯಿತಲ್ಲ” ಎಂದರು. ಅಭ್ಯಾಸವಾದರೆ ಸರಿಹೋಗುತ್ತದೆಂದು ಸಮಾಧಾನ ಹೇಳಿದೆವು. ಉಬ್ಬುಗಳಲ್ಲಿ ಹೊಟ್ಟೆ ತಾಗುವುದು ನಿಂತದ್ದೇನೋ ನಿಜ; ಆದರೆ ಉಬ್ಬನ್ನಿಳಿದು ಗಾಲಿ ಕೆಳಗೆ ಜೋಲುವಾಗ ಟಕ್ಕೆಂದು ಕೊಡತಿಯೇಟಿನಂತಹ ಸದ್ದೊಂದು ಹೊಸದಾಗಿ ಸೇರಿಕೊಂಡಿತು. ಹೊಸ ಮಾಲು ಕೂರಿಕೊಳ್ಳುವವರೆಗೆ ಹಾಗೆಯೇ ಎಂದು ಅಂಗಡಿಯವನು ಹೇಳಿದುದನ್ನು ನಂಬಿದೆವು. ನಂಬುವುದರಲ್ಲಿ ನಮಗೆ ಅಷ್ಟು ಉತ್ಸಾಹವಿದ್ದಿತು.

ಮೂರನೆಯ ತಿಂಗಳಲ್ಲಿ ಒಂದು ರಾತ್ರಿ ಊರಿನಿಂದ ಹಿಂದಿರುಗುತ್ತಿದ್ದೆವು. ಹುಣಸೂರು ಇನ್ನೂ ಕೆಲವು ಮೈಲಿ ಇದ್ದಿತು. ಎದುರಿನಿಂದ ಒಂದು ದ್ವಿಚಕ್ರ ವಾಹನ. ಮುಂದೆ ಮಗು, ಹಿಂದೆ ಹೆಂಗಸು. ಹತ್ತಿರ ಬರುತ್ತಿದ್ದಂತೆ ಆ ವಾಹನವು ತೂರಾಡಿ, ರಸ್ತೆಯ ಅಂಚನ್ನು ಬಿಟ್ಟು, ಪಕ್ಕದ ಕೆಸರಿನಲ್ಲಿ ಉರುಳಿತು. ನಾವು ಗಾಡಿಯನ್ನು ನಿಲ್ಲಿಸಿ ಓಡಿದೆವು. ದೈವವಶಾತ್ ಯಾರಿಗೂ ಪೆಟ್ಟಾಗಿರಲಿಲ್ಲ, ಮಗುವೊಂದು ಅಳುತ್ತಿದ್ದಿತು. ಆ ತರುಣನು ಕೆಸರನ್ನು ಒರೆಸಿಕೊಳ್ಳುತ್ತ, “ದೀಪ ತಗ್ಗಿಸೋಕೆ ಏನ್ರೀ ಕಷ್ಟ ನಿಮಗೆ? ಕಣ್ಣೇ ಕಾಣಲಿಲ್ಲ ನನಗೆ” ಎಂದನು. ತಗ್ಗಿಸಿಯೇ ಇದ್ದೆವೆಂದು ನಾವು ಹೇಳಿದೆವು. ಅವನು ನಮ್ಮ ಗಾಡಿಯ ಕಡೆ ಕೈ ತೋರಿಸಿ ಸುಮ್ಮನಾದನು. ತಿರುಗಿ ನೋಡಿದರೆ, ತಗ್ಗಿದ ದೀಪವೇ ನಮ್ಮ ಕಣ್ಣಿಗೆ ನೇರವಾಗಿ ಹೊಡೆಯುತ್ತಿದ್ದಿತು. ಆ ರಾತ್ರಿ ಮನೆಗೆ ಬರುವವರೆಗೆ ಗಾಡಿಯಲ್ಲಿ ಯಾರೂ ಮಾತನಾಡಲಿಲ್ಲ.

ಮರುದಿನ ಹೋದದ್ದು ಅಂಗಡಿಗಲ್ಲ, ಒಬ್ಬ ಹಳೆಯ ಮೇಸ್ತ್ರಿಯ ಬಳಿಗೆ. ಅವರು ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಟೇಪು ಹಿಡಿದು, ಗಾಲಿಯ ನಡುಬಿಂದುವಿನಿಂದ ಅದರ ಮೇಲಿನ ಕಮಾನಿನ ಅಂಚಿನವರೆಗೆ ಅಳೆದರು. ಟೈರಿನ ಗಾಳಿ ಹೆಚ್ಚುಕಡಮೆಯಿದ್ದರೂ ಈ ಅಳತೆ ಕೆಡುವುದಿಲ್ಲವಂತೆ. ಅವರಲ್ಲಿ ದುರಸ್ತಿಗೆ ಬಂದಿದ್ದ ನಮ್ಮದೇ ಮಾದರಿಯ ಇನ್ನೊಂದು ಗಾಡಿ ಇದ್ದಿತು. ಅದಕ್ಕೆ ಮೂಲದ ಸ್ಪ್ರಿಂಗನ್ನೇ ಈಚೆಗೆ ಹೊಸದಾಗಿ ಹಾಕಿದ್ದರು. ಅದಕ್ಕಿಂತ ನಮ್ಮದು 2.7 ಸೆಂಟಿಮೀಟರು, ಎಂದರೆ ಒಂದಂಗುಲ ದಾಟಿ, ಎತ್ತರವಾಗಿದ್ದಿತು. “ಬಿಚ್ಚುವುದಕ್ಕೆ ಮುಂಚೆ ಎಷ್ಟಿತ್ತು ಸಾರ್?” ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಯಾರೂ ಅಳೆದಿರಲಿಲ್ಲ.

ಸ್ಪ್ರಿಂಗುಗಳೆರಡೂ ಸಮಾನವಾಗಿದ್ದುವೆಂದು ನಾವು ವಾದಿಸಿದೆವು. ಮೇಸ್ತ್ರಿ ನಕ್ಕು, ನೆಲದ ಮೇಲೆ ಸೀಮೆಸುಣ್ಣದಿಂದ ಲೆಕ್ಕ ಹಾಕಿದರು. ಮುಂದಿನ ಒಂದೊಂದು ಗಾಲಿಯ ಸ್ಪ್ರಿಂಗಿನ ಮೇಲೆ ಸುಮಾರು 220 ಕಿಲೋ ಭಾರ ಕುಳಿತಿದೆಯೆನ್ನಿ. 20 ಕಿಲೋ ಹೇರಿದರೆ ಒಂದು ಸೆಂಟಿಮೀಟರು ಕುಗ್ಗುವ ಸ್ಪ್ರಿಂಗು ಈ ಭಾರಕ್ಕೆ 11 ಸೆಂಟಿಮೀಟರು ಕುಗ್ಗುತ್ತದೆ. ಅಷ್ಟೇ ಉದ್ದದ, ಆದರೆ ಅದೇ ಒಂದು ಸೆಂಟಿಮೀಟರಿಗೆ 25 ಕಿಲೋ ಬೇಡುವ ಬಿಗಿಯಾದ ಸ್ಪ್ರಿಂಗು 8.8 ಸೆಂಟಿಮೀಟರಿಗೇ ನಿಲ್ಲುತ್ತದೆ. ಮೇಜಿನ ಮೇಲೆ ಭಾರವಿಲ್ಲದೆ ನಿಂತಾಗ ಎರಡೂ ಒಂದೇ. ಗಾಡಿಯ ಕೆಳಗೆ ಹೋದರೆ 2.2 ಸೆಂಟಿಮೀಟರಿನ ಅಂತರ. ಅಂಗಡಿಯವನು ನಮಗೆ ತೋರಿಸಿದುದು ಸುಳ್ಳಲ್ಲ. ಅದು ಉಪಯೋಗಕ್ಕೆ ಬಾರದ ಸತ್ಯವಾಗಿದ್ದಿತು.

ಇಷ್ಟು ಬಿಗಿಯಾದ ಸ್ಪ್ರಿಂಗು ನಮಗೇಕೆ ಬಂದಿತು? ನಮ್ಮ ಮಾದರಿಯ ಗಾಡಿಯನ್ನು ಡೀಸೆಲ್ ಎಂಜಿನಿನೊಡನೆಯೂ ತಯಾರಿಸಿದ್ದರು. ಡೀಸೆಲ್ ಎಂಜಿನು ಹೆಚ್ಚು ತೂಕದ್ದಾದುದರಿಂದ ಅದರ ಮುಂದಿನ ಸ್ಪ್ರಿಂಗು ಬೇರೆ. ಹೊರನೋಟಕ್ಕೆ ಗುರುತು ಸಿಕ್ಕುವುದು ಕಷ್ಟ. ತಯಾರಕರು ಬಣ್ಣದ ಚುಕ್ಕೆಗಳನ್ನಿಟ್ಟು ಭೇದವನ್ನು ಸೂಚಿಸಿರುತ್ತಾರೆ. ನಮ್ಮ ಹಳೆಯದರ ಮೇಲಣ ಚುಕ್ಕೆಯನ್ನು ತುಕ್ಕು ತಿಂದಿತ್ತು. ಹೊಸದರ ಮೇಲಿದ್ದ ಚುಕ್ಕೆಯ ಅರ್ಥವನ್ನು ನಾವು ಕೇಳಲಿಲ್ಲ, ಅಂಗಡಿಯವನು ಹೇಳಲಿಲ್ಲ.

ಉಳಿದ ಅರ್ಧ ಸೆಂಟಿಮೀಟರಿಗೆ ಕಾರಣವು ಬೇರೆ. ಶಾಕ್ ಅಬ್ಸಾರ್ಬರು ಗಾಡಿಯನ್ನು ಹೊರುವುದಿಲ್ಲ, ಅದರ ಕುಣಿತವನ್ನು ಮಾತ್ರ ತಡೆಯುತ್ತದೆ. ಆದರೆ ಈಗ ಬರುವ ಬಹಳ ಶಾಕ್ ಅಬ್ಸಾರ್ಬರುಗಳಲ್ಲಿ ಒತ್ತಡದ ಅನಿಲವನ್ನು ತುಂಬಿರುತ್ತಾರೆ. ಆ ಒತ್ತಡವು ಒಳಗಿನ ಸರಳನ್ನು ಸದಾ ಹೊರಕ್ಕೆ ನೂಕುತ್ತಿರುತ್ತದೆ. ಹತ್ತು ಹದಿನೈದು ಕಿಲೋ ಭಾರವನ್ನು ಸ್ಪ್ರಿಂಗಿನ ತಲೆಯಿಂದ ಇಳಿಸಿದಂತಾಗಿ ಗಾಡಿ ಅಷ್ಟು ಏಳುತ್ತದೆ. ಇದಲ್ಲದೆ, ನಮ್ಮಂತಹ ಗಾಡಿಗಳಲ್ಲಿ ಸ್ಪ್ರಿಂಗು ಕೂರುವ ತಟ್ಟೆಯು ಶಾಕ್ ಅಬ್ಸಾರ್ಬರಿನ ಮೈಗೇ ಬೆಸೆದಿರುತ್ತದೆ. ಹೊರಗಿನ ಮಾಲಿನಲ್ಲಿ ಆ ತಟ್ಟೆಯನ್ನು ಅರ್ಧ ಸೆಂಟಿಮೀಟರು ಮೇಲೆ ಬೆಸೆದಿದ್ದರೆ ಗಾಡಿಯೂ ಅಷ್ಟೇ ಮೇಲೇರುತ್ತದೆ. ನಮ್ಮ ಪುಣ್ಯಕ್ಕೆ ಅದೊಂದು ಸರಿಯಾಗಿದ್ದಿತು. ಕೆಳಗಿನ ತೋಳಿನ ರಬ್ಬರು ಬುಷ್ಷುಗಳನ್ನು ಮಾತ್ರ ಗಾಲಿ ಜೋಲುತ್ತಿರುವಾಗಲೇ ಬಿಗಿದುಬಿಟ್ಟಿದ್ದರು. ಗಾಡಿಯನ್ನು ನೆಲಕ್ಕಿಳಿಸಿ ಭಾರ ಬಿದ್ದ ಮೇಲೆಯೇ ಆ ಬೋಲ್ಟುಗಳ ಕೊನೆಯ ಬಿಗಿತ. ಇಲ್ಲವಾದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ನಮ್ಮವು ಮೂರೇ ತಿಂಗಳಲ್ಲಿ ಬಿರಿದಿದ್ದುವು.

ದೀಪದ ಲೆಕ್ಕವನ್ನು ಕೇಳಿದಾಗ ನಮಗೆ ನಿಜವಾಗಿ ಮೈ ಬೆವತಿತು. ತಗ್ಗಿಸಿದ ದೀಪದ ಬೆಳಕು ಮೀಟರಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಇಳಿಯುತ್ತ ಹೋಗಬೇಕು. ಹತ್ತು ಮೀಟರಿನಲ್ಲಿ ಹತ್ತು ಸೆಂಟಿಮೀಟರು. ನಮ್ಮ ಗಾಡಿಯ ಮುಂದಿನ ಹಿಂದಿನ ಗಾಲಿಗಳ ನಡುವೆ 2.4 ಮೀಟರು. ಹಿಂಭಾಗ ಇದ್ದಂತೆಯೇ ಇದ್ದು ಮುಂಭಾಗ 2.7 ಸೆಂಟಿಮೀಟರು ಎದ್ದರೆ, ಮೀಟರಿಗೆ ಒಂದು ಸೆಂಟಿಮೀಟರಿಗೂ ಮಿಗಿಲಾಗಿ ಗಾಡಿ ಆಕಾಶ ನೋಡುತ್ತದೆ. ತಗ್ಗು ಎಂಬುದೆಲ್ಲ ಅಲ್ಲಿಗೆ ಮಾಯ. ಗುಂಡಿಯನ್ನು ನಾವು ಒತ್ತಿದ್ದೆವು, ದೀಪವೂ ಬದಲಾಗಿದ್ದಿತು. ಬೆಳಕು ಮಾತ್ರ ಆ ತರುಣನ ಕಣ್ಣಿನ ಮಟ್ಟಕ್ಕೇ ಹೋಗುತ್ತಿದ್ದಿತು. ಹಿಂದಿನ ಆಸನದಲ್ಲಿ ಇಬ್ಬರು ಕುಳಿತು, ಡಿಕ್ಕಿಯಲ್ಲಿ ಊರಿನ ಅಕ್ಕಿಮೂಟೆ ಬೇರೆ ಇದ್ದುದರಿಂದ ಆ ರಾತ್ರಿ ಮೂತಿ ಇನ್ನಷ್ಟು ಎದ್ದಿರಬೇಕು.

ಮುಂದಿನ ಟೈರುಗಳ ಹೊರ ಅಂಚು ಆಗಲೇ ಸವೆಯಲಾರಂಭಿಸಿದ್ದಿತು. ಗಾಡಿ ಎದ್ದಾಗ ಕೆಳಗಿನ ತೋಳು ಇಳಿಮುಖವಾಗಿ ಗಾಲಿಯ ಬುಡವನ್ನು ಒಳಕ್ಕೆಳೆಯುತ್ತದೆ, ತಲೆ ಹೊರಕ್ಕೆ ವಾಲುತ್ತದೆ. ಟಕ್ಕೆನ್ನುವ ಸದ್ದಿಗೂ ಅದೇ ಮೂಲ: ಗಾಲಿ ಕೆಳಗಿಳಿಯಲು ಇದ್ದ ಅವಕಾಶವನ್ನು ಎತ್ತರವೇ ನುಂಗಿದ್ದರಿಂದ, ಶಾಕ್ ಅಬ್ಸಾರ್ಬರಿನ ಸರಳು ತನ್ನ ಕೊನೆಯನ್ನು ಮುಟ್ಟಿ ಬಡಿಯುತ್ತಿತ್ತು.

ಇಂತಹ ಮುಂಗಾಲಿಯ ಜೋಡಣೆಗೆ ಅದನ್ನು ರೂಪಿಸಿದ ಅಮೆರಿಕದ ಎಂಜಿನಿಯರು ಮೆಕ್‌ಫರ್ಸನ್ನನ ಹೆಸರೇ ನಿಂತಿದೆ. 1950ರಲ್ಲಿ ಇಂಗ್ಲೆಂಡಿನ ಫೋರ್ಡ್ ಕಂಪೆನಿಯ ಕಾನ್ಸಲ್ ಗಾಡಿಯಲ್ಲಿ ಇದು ಬಂದಿತು; ಈಗ ಚಿಕ್ಕ ಗಾಡಿಗಳಲ್ಲಿ ಬಹುಪಾಲಿಗೆ ಇದೇ. ನಮ್ಮ ಸೋದರಮಾವನವರ ಅಂಬಾಸಿಡರಿನಲ್ಲಿ ಮುಂದುಗಡೆ ಸುರುಳಿಯೇ ಇರಲಿಲ್ಲ, ತಿರುಚಿಕೊಳ್ಳುವ ಉಕ್ಕಿನ ಸರಳಿದ್ದಿತು. ಅದರ ತುದಿಯ ಹಿಡಿತವನ್ನು ಸರಿಸಿ ಮೂತಿಯನ್ನು ಏರಿಸಲೂ ಇಳಿಸಲೂ ಬರುತ್ತಿತ್ತು. ಮಾವನವರು ಆ ಸುಖವನ್ನು ಅನುಭವಿಸಿದವರು. ನಮ್ಮದರಲ್ಲಿ ಅಂತಹ ಉಪಾಯವಿಲ್ಲ. ಹಾಕಿದ ವಸ್ತುವೇ ಎತ್ತರವನ್ನು ತೀರ್ಮಾನಿಸುತ್ತದೆ. ಸುರುಳಿಯ ನಡುವೆ ಸಿಕ್ಕಿಸುವ ರಬ್ಬರಿನ ಮುದ್ದೆಗಳನ್ನೂ ಮಾರುತ್ತಾರೆ. ಅವು ಒಂದೆರಡು ಸುತ್ತುಗಳ ಕೆಲಸವನ್ನೇ ನಿಲ್ಲಿಸಿ ಗಾಡಿಯನ್ನು ಎತ್ತುತ್ತವೆ. ಮೇಸ್ತ್ರಿಯ ಮುಂದೆ ಅವುಗಳ ಹೆಸರೆತ್ತಿದ್ದಕ್ಕೆ ಅವರು ಉತ್ತರವನ್ನೇ ಕೊಡಲಿಲ್ಲ.

ಪೆಟ್ರೋಲು ಗಾಡಿಯ ಸರಿಯಾದ ಸ್ಪ್ರಿಂಗು, ಹೊಸ ಬುಷ್ಷು, ಗಾಲಿಗಳ ಅಲೈನ್‌ಮೆಂಟು, ಕೊನೆಗೆ ಗೋಡೆಯೆದುರು ನಿಲ್ಲಿಸಿ ದೀಪದ ಹೊಂದಿಕೆ, ಇಷ್ಟೂ ಆಯಿತು. ಮೊದಲೇ ಕಂಪೆನಿಯ ಮಾಲನ್ನು ಕೊಂಡಿದ್ದರೆ ಆಗುತ್ತಿದ್ದ ಖರ್ಚನ್ನು ದಾಟಿದುದನ್ನು ನಮ್ಮ ಮನೆಯವರು ಲೆಕ್ಕದ ಪುಸ್ತಕದಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಸ್ಪ್ರಿಂಗಿಗೆ ಈ ಸಲವೂ ಹೊರಗಿನ ಮಾಲನ್ನೇ ಹಾಕಿದ್ದೆಂಬುದನ್ನು ಹೇಳಬೇಕು. ತಯಾರಕನ ಪಟ್ಟಿಯಲ್ಲಿ ಎಂಜಿನಿನ ಹೆಸರು, ವರ್ಷ, ಸಂಖ್ಯೆ ಎಲ್ಲವನ್ನೂ ಮೇಸ್ತ್ರಿ ತಾವೇ ಓದಿ ತರಿಸಿದರು; ಅಳತೆ ಮೂಲದ್ದಕ್ಕೆ ಮೂರು ಮಿಲಿಮೀಟರಿನೊಳಗೆ ಬಂದಿತು. ನಾಲ್ಕು ಗಾಲಿಗಳ ಅಳತೆಯನ್ನೂ ಒಂದು ಚೀಟಿಯಲ್ಲಿ ಬರೆದು ವಿಮೆಯ ಕಾಗದಗಳ ಜೊತೆಗೆ ಇಟ್ಟಿದ್ದೇವೆ.

ಡೀಸೆಲಿನ ಆ ಸ್ಪ್ರಿಂಗುಗಳನ್ನು ಅಂಗಡಿಯವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹಿತ್ತಿಲಿನಲ್ಲಿ ತಾಯಿಯವರು ಅವುಗಳ ಮೇಲೆ ಎರಡು ತುಳಸಿಯ ಕುಂಡಗಳನ್ನಿರಿಸಿದ್ದಾರೆ. ಗಾಡಿಯನ್ನು ಅವರು ಈಗ ಒಂದೇ ಸಲಕ್ಕೆ ಏರುತ್ತಾರೆ. ಹುಣಸೂರಿನ ಆಚೆಗಿನ ಆ ಸ್ಥಳ ಬಂದಾಗ ಮಾತ್ರ, “ದೀಪ ತಗ್ಗಿಸಿದೆಯೇನೋ?” ಎಂದು ಹಗಲಿನಲ್ಲಿಯೂ ಕೇಳುತ್ತಾರೆ.