ಅಸೋರ್ಸ್‌ಗೆ ಹಾಯಿದೋಣಿಯ ಹಾದಿ

ಅಟ್ಲಾಂಟಿಕ್ ಸಾಗರದ ನಡುವೆ ಪೋರ್ಚುಗಲ್‌ಗೆ ಸೇರಿದ ಒಂಬತ್ತು ದ್ವೀಪಗಳ ಸಮೂಹ ಅಸೋರ್ಸ್. ಇಂಗ್ಲೆಂಡಿನ ಫಾಲ್ಮತ್ ಬಂದರಿನಿಂದ ಅಲ್ಲಿಗೆ ಸುಮಾರು 1,200 ನಾಟಿಕಲ್ ಮೈಲಿ. ಗಂಟೆಗೆ 5 ಮೈಲಿಯಂತೆ ಹಗಲಿರುಳು ಸಾಗುವ ಹಾಯಿದೋಣಿಗೆ ಇದು 10 ದಿನಗಳ ಪಯಣ. ನೀರು, ದಿನಸಿ ಮಾತ್ರ 15 ದಿನಕ್ಕಾಗುವಷ್ಟು ಇರಬೇಕು.

ಹೊರಡಲು ಜೂನ್, ಜುಲೈ ಸೂಕ್ತ. ಬೇಸಿಗೆಯಲ್ಲಿ ದ್ವೀಪಗಳ ಸುತ್ತ ಅಧಿಕ ಒತ್ತಡದ ವಲಯ ನೆಲೆಸುವುದರಿಂದ ಬಿರುಗಾಳಿ ತರುವ ವಾಯುಭಾರ ಕುಸಿತಗಳು ಹೆಚ್ಚಾಗಿ ಉತ್ತರಕ್ಕೆ ಸರಿದು ಹೋಗುತ್ತವೆ. ಆದರೆ ಆ ವಲಯದ ನಡುಭಾಗದಲ್ಲಿ ಗಾಳಿ ಬೀಸುವುದೇ ಅಪರೂಪ. ಹಾಯಿ ಜೋತುಬಿದ್ದರೆ ಎಂಜಿನ್ನೇ ಗತಿ. ಹಾಗಾಗಿ ಡೀಸೆಲ್ ಲೆಕ್ಕ ಮುಖ್ಯ. ಆರಂಭದಲ್ಲೇ ಪಶ್ಚಿಮಕ್ಕೆ ಸಾಕಷ್ಟು ಸರಿದುಕೊಂಡರೆ ಬಿಸ್ಕೇ ಕೊಲ್ಲಿಯೊಳಗೆ ಸಿಕ್ಕಿಬೀಳುವ ಭಯವಿಲ್ಲ.

ರಾತ್ರಿ ಸರದಿಯಂತೆ ಒಬ್ಬರು ಎಚ್ಚರವಿರಲೇಬೇಕು. ದೂರದ ಹಡಗಿನ ಕೆಂಪು ದೀಪ ಅದರ ಎಡಬದಿಯನ್ನೂ ಹಸಿರು ಬಲಬದಿಯನ್ನೂ ತೋರಿಸುತ್ತದೆ. ಎರಡೂ ಒಟ್ಟಿಗೆ ಕಂಡರೆ ಹಡಗು ನೇರ ಎದುರಿಗೇ ಬರುತ್ತಿದೆ ಎಂದರ್ಥ.

ಫಾಯಾಲ್ ದ್ವೀಪದ ಓರ್ತಾ ಬಂದರಿನ ಗೋಡೆಯ ಮೇಲೆ ದೋಣಿಯವರು ಚಿತ್ರ ಬರೆದು ಹೋಗುವುದು ವಾಡಿಕೆ. ಬರೆಯದಿದ್ದರೆ ಕೇಡು ಎಂಬ ನಂಬಿಕೆಯಿದೆ. ಅಟ್ಲಾಂಟಿಕ್ ಚಂಡಮಾರುತಗಳ ಹಾವಳಿ ಸೆಪ್ಟೆಂಬರಿನಲ್ಲಿ ಹೆಚ್ಚು. ಮರಳುವ ದಿನವನ್ನು ಅದಕ್ಕೂ ಮೊದಲೇ ಗೊತ್ತುಮಾಡಿಕೊಳ್ಳುವುದು ಕ್ಷೇಮ.